ಡಾರ್ವಿನ್ ನಮ್ಮ ಮಕ್ಕಳಿಗೆ ಯಾಕೆ ಬೇಕು?

ಮೀಸಲಾತಿ ಮಾತು ಬಂದಾಗಲೆಲ್ಲ ನಮ್ಮ ಆಫೀಸಲ್ಲಿ ಒಬ್ಬರು ಡಾರ್ವಿನ್‌ನನ್ನು ಎಳ್ಕೊಂಡು ಬರ್ತಾರೆ. "ಸರ್ವೈವಲ್ ಆಫ್ ದಿ ಫಿಟೆಸ್ಟ್ ಕಣ್ರೀ, ಪ್ರಕೃತಿ ನಿಯಮ. ಶಕ್ತಿ ಇದ್ದೋನು ಮೇಲೆ ಬರ್ತಾನೆ" ಅಂತಾರೆ. ಅದೇ ಮನುಷ್ಯ ಇನ್ನೊಂದು ದಿನ "ಮಂಗ ಮನುಷ್ಯ ಆಗಿದ್ದನ್ನ ಯಾರು ನೋಡಿದಾರೆ?" ಅಂತ ನಗ್ತಾರೆ. ಬೇಕಾದಾಗ ಡಾರ್ವಿನ್ ಸರಿ, ಬೇಡವಾದಾಗ ಸುಳ್ಳು!

ಎರಡಕ್ಕೂ ಉತ್ತರ ನಮ್ಮ ಹುಡುಗರ ಬಾಯಲ್ಲಿ ಇರಬೇಕು. ಅದಕ್ಕೇ ಈ ಪೋಸ್ಟ್. ಸ್ವಲ್ಪ ಉದ್ದ ಇದೆ, ಓದಿ.

ಇವತ್ತಿನ ಮಂಗ ಮನುಷ್ಯ ಆಯ್ತು ಅಂತ ಡಾರ್ವಿನ್ ಹೇಳಿಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜ ಇತ್ತು. ನಾವು ಚಿಂಪಾಂಜಿಯ ಮೊಮ್ಮಕ್ಕಳಲ್ಲ, ದಾಯಾದಿಗಳು.

"ಯಾರು ನೋಡಿದಾರೆ?" ಅನ್ನೋರು ಟಿಬಿ ಆಸ್ಪತ್ರೆಗೆ ಹೋಗಿ ಕೇಳಲಿ. ರೋಗಿಯ ಮೈಯಲ್ಲಿರೋ ಕೋಟಿಗಟ್ಟಲೆ ರೋಗಾಣುಗಳೆಲ್ಲ ಒಂದೇ ಥರ ಇರಲ್ಲ. ಆಕಸ್ಮಿಕ ಬದಲಾವಣೆಯಿಂದ ಕೆಲವಕ್ಕೆ ಮಾತ್ರೆ ತಾಗೋದಿಲ್ಲ. ಅರ್ಧಕ್ಕೇ ಮಾತ್ರೆ ಬಿಟ್ಟರೆ ಗಟ್ಟಿಯಾದವು ಉಳಿದು ಬೆಳೀತವೆ, ಆಮೇಲೆ ಅದೇ ಔಷಧಿ ಕೆಲಸ ಮಾಡಲ್ಲ. ವ್ಯತ್ಯಾಸ, ಆಯ್ಕೆ, ಮುಂದಿನ ಪೀಳಿಗೆಗೆ ದಾಟುವಿಕೆ. ಜೀವವಿಕಾಸ ನಮ್ಮ ಕೇರಿಗಳಲ್ಲೇ ನಡೀತಿದೆ. ತಿಂಗಳುಗಟ್ಟಲೆ ಮಾತ್ರೆ ತಪ್ಪಿಸಬೇಡಿ ಅಂತ ಡಾಕ್ಟರು ಹೇಳೋದು ಇದಕ್ಕೂ ಕೂಡ.

ಇನ್ನು 'ಫಿಟೆಸ್ಟ್'. ಈ ಮಾತನ್ನು 1864ರಲ್ಲಿ ಹುಟ್ಟುಹಾಕಿದ್ದು ಹರ್ಬರ್ಟ್ ಸ್ಪೆನ್ಸರ್, ಡಾರ್ವಿನ್ ಆಮೇಲೆ ಬಳಸಿದ. ಇದರರ್ಥ ತೋಳ್ಬಲ ಅಲ್ಲ, ಮಾರ್ಕ್ಸೂ ಅಲ್ಲ. ಆಯಾ ಪರಿಸರದಲ್ಲಿ ಯಾರ ಸಂತತಿ ಹೆಚ್ಚು ಉಳಿಯುತ್ತೋ ಅವರು, ಅಷ್ಟೆ. ಔಷಧಿಗೆ ಸಾಯದ ರೋಗಾಣುವಿಗೆ ಮೆರಿಟ್ ಇದೆ ಅಂತೀರಾ? ಕೆರೆ ನೀರು ಮುಟ್ಟಬೇಡ ಅಂದದ್ದು, ಶಾಲೆ ಬಾಗಿಲು ಹಾಕಿದ್ದು ಪ್ರಕೃತಿಯಲ್ಲ, ಮನುಷ್ಯರು. ಮನುಷ್ಯರು ಮಾಡಿದ ಕಟ್ಟಳೆ ಆದ್ದರಿಂದಲೇ 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಅದನ್ನು ಮುರಿದು ನೀರು ಕುಡಿದರು.

ಬಾಯಿಂದ ಒಬ್ಬ, ಕಾಲಿಂದ ಒಬ್ಬ ಹುಟ್ಟಿದ ಅನ್ನೋ ಕಥೆಗೆ ಜೀವವಿಕಾಸಕ್ಕಿಂತ ದೊಡ್ಡ ಪೆಟ್ಟಿಲ್ಲ. ನಮ್ಮೆಲ್ಲರ ಬೇರು ಆಫ್ರಿಕಾದಲ್ಲಿದೆ, ಸುಮಾರು 3 ಲಕ್ಷ ವರ್ಷ ಹಳೆಯದು. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2013ರಲ್ಲಿ ನಮ್ಮ ಜನರ ಡಿಎನ್‌ಎ ನೋಡಿ ಹೇಳಿದ್ದೇನು? ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ನೆಲದಲ್ಲಿ ಎಲ್ಲರೂ ಬೆರೆತಿದ್ದರು, ಆಮೇಲೆ ಒಳಮದುವೆಯ ಬೇಲಿ ಬಿಗಿಯಾಯ್ತು. ಜಾತಿಯ ಜೀವಾಳವೇ ಒಳಮದುವೆ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಪ್ರಬಂಧ ಓದಿದ್ದರು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 1826ರಲ್ಲಿ ಎಡಿನ್‌ಬರೋದಲ್ಲಿ ಮೆಡಿಕಲ್ ಓದ್ತಿದ್ದ ಹುಡುಗ ಡಾರ್ವಿನ್, ಹಕ್ಕಿಯ ಚರ್ಮ ಸುಲಿದು ಕೆಡದಂತೆ ತುಂಬಿಡುವ ವಿದ್ಯೆಯನ್ನು ದುಡ್ಡು ಕೊಟ್ಟು ಕಲಿತ. ಗುರು ಜಾನ್ ಎಡ್ಮನ್‌ಸ್ಟನ್, ಗಯಾನಾದಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದ ಕಪ್ಪು ಮನುಷ್ಯ. ಮುಂದೆ ಗ್ಯಾಲಪಗೋಸ್ ದ್ವೀಪಗಳಿಂದ ಡಾರ್ವಿನ್ ಹೊತ್ತು ತಂದ ಹಕ್ಕಿಯ ಚರ್ಮಗಳು ಜೀವಿಗಳು ಬದಲಾಗುತ್ತವೆ ಅನ್ನೋ ಯೋಚನೆಗೆ ಇಂಬು ಕೊಟ್ಟವು. ನಮ್ಮೂರಲ್ಲಿ ಸತ್ತ ದನದ ಚರ್ಮ ಸುಲಿದ ನಮ್ಮ ತಾತನ ಕೈ ಮೈಲಿಗೆ ಆಯ್ತು. ಅಲ್ಲಿ ಅಂಥದ್ದೇ ಕೈಕೆಲಸ ವಿಜ್ಞಾನಕ್ಕೆ ಪಾಠ ಹೇಳಿತು.

ಇಂಥ ಪಾಠವನ್ನು ಎನ್‌ಸಿಇಆರ್‌ಟಿ 10ನೇ ತರಗತಿ ಪುಸ್ತಕದಿಂದ ತೆಗೆಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಸಹಿ ಹಾಕಿದರು. 12ನೇ ತರಗತಿ ಬಯಾಲಜಿಯಲ್ಲಿ ಇದೆಯಲ್ಲ ಅನ್ನೋದು ಅವರ ಸಮಜಾಯಿಷಿ. ಸರಿ ಸ್ವಾಮಿ, ಹತ್ತಕ್ಕೇ ಓದು ಬಿಡೋರು, ಐಟಿಐಗೆ, ಆರ್ಟ್ಸ್‌ಗೆ ಹೋಗೋರು ಹೆಚ್ಚಾಗಿ ಯಾರ ಮನೆ ಮಕ್ಕಳು? ನಾನೂ ಬಿಎ ಓದಿದವನೇ.

ಏಪ್ರಿಲ್ 14ಕ್ಕೆ ಬ್ಯಾನರು, ಡಿಜೆ ಇರಲಿ. ಅದರ ಜೊತೆಗೆ ಒಂದು ಸಂಜೆ ಕೇರಿಯ ಮಕ್ಕಳನ್ನು ಅಂಬೇಡ್ಕರ್ ಭವನದಲ್ಲಿ ಕೂರಿಸಿ, ಒಬ್ಬ ವಿಜ್ಞಾನ ಮೇಷ್ಟ್ರನ್ನು ಕರೆಸಿ, ಈ ಪಾಠ ಹೇಳಿಸಿ. ಒಂದು ಮಗುವಾದರೂ "ಹಾಗಾದ್ರೆ ನಮ್ಮನ್ನ ಕೀಳು ಅಂತ ಮಾಡಿದ್ದು ಯಾರು?" ಅಂತ ಕೇಳುತ್ತೆ. ಆ ಪ್ರಶ್ನೆ ಸಾಕು.

ಜೈ ಭೀಮ್.