ಬೀಗ ಬಿದ್ದ ಮನೆಯೂ ಬೇಸಗೆಯ ಅತಿಥಿಗಳೂ

ಪ್ಯಾರಿಸಿನಿಂದ ದಕ್ಷಿಣಕ್ಕೆ ಲಿಮೋಜ್ ಹಾದಿಯ ರೈಲು ಹಿಡಿದರೆ ಸುಮಾರು ಮೂರು ಗಂಟೆಗಳಲ್ಲಿ ಲಾ ಸೂತೆರೆನ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಕ್ರೂಜ್ ಜಿಲ್ಲೆಯ ಪಶ್ಚಿಮದ ಬಾಗಿಲು ಅದು. ಅಲ್ಲಿಂದ ಜಿಲ್ಲಾಕೇಂದ್ರವಾದ ಗೇರೆ ಪಟ್ಟಣದ ಕಡೆಗೆ ಸಾಗುವ ದಾರಿಯ ಇಕ್ಕೆಲಗಳಲ್ಲಿ ಓಕ್ ಮತ್ತು ಚೆಸ್ಟ್‌ನಟ್ ಮರಗಳು, ಅವುಗಳ ನಡುವೆ ಕಾವಿಗೆಂಪಿನ ದನಗಳು ಮೇಯುವ ಹುಲ್ಲುಗಾವಲು, ಇಳಿಜಾರುಗಳಲ್ಲಿ ಬೂದುಬಣ್ಣದ ಗ್ರಾನೈಟ್ ಮನೆಗಳ ಗುಂಪುಗಳು ಕಾಣುತ್ತವೆ. ನೋಟಕ್ಕೆ ಸೊಗಸಾದ ನಾಡು. ಆದರೆ ಗಾಡಿ ನಿಲ್ಲಿಸಿ ಒಂದು ಗುಂಪಿನೊಳಗೆ ನಡೆದುಹೋದವನಿಗೆ ಮೊದಲು ತಟ್ಟುವುದು ನಿಶ್ಶಬ್ದ. ಕಿಟಕಿಗಳ ಮರದ ಕದಗಳು ಮುಚ್ಚಿವೆ. ಅಂಗಳದಲ್ಲಿ ಮುಳ್ಳುಪೊದೆ ಎದೆಯೆತ್ತರಕ್ಕೆ ಬೆಳೆದಿದೆ. 1851ರಲ್ಲಿ ಈ ಜಿಲ್ಲೆಯಲ್ಲಿ ಸುಮಾರು 2,87,000 ಜನರಿದ್ದರು. ಇಂದು ಇರುವವರು 1,15,000ದ ಆಸುಪಾಸು. ಈಶಾನ್ಯದಿಂದ ನೈರುತ್ಯಕ್ಕೆ ಫ್ರಾನ್ಸನ್ನು ಸೀಳಿದಂತೆ ಹಬ್ಬಿರುವ ವಿರಳ ಜನವಸತಿಯ ಪಟ್ಟಿಯನ್ನು ಅಲ್ಲಿನವರು ‘ಶೂನ್ಯದ ಕರ್ಣರೇಖೆ’ ಎಂದು ಕರೆಯುತ್ತಾರೆ. ಕ್ರೂಜ್ ಆ ರೇಖೆಯ ನಟ್ಟನಡುವಿನಲ್ಲಿದೆ.

ಇಂಥ ಊರಿನ ಒಂದು ಹಳೆಯ ಮನೆಯನ್ನು ಬಲ್ಲವನಿಗೆ ಉಳಿದವೂ ಬಹುಪಾಲು ಪರಿಚಿತವೇ. ಅರುವತ್ತು ಸೆಂಟಿಮೀಟರಿಗೂ ಮಿಕ್ಕ ದಪ್ಪದ ಕಲ್ಲಿನ ಗೋಡೆ, ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ ಕೊರೆದ ಒಂದು ಇಸವಿ ಮತ್ತು ಎರಡಕ್ಷರ. ಒಳಗೆ ಒಂದೇ ದೊಡ್ಡ ಕೋಣೆ. ಅದರ ತುದಿಯಲ್ಲಿ ಮನುಷ್ಯನು ಒಳಗೆ ನಿಲ್ಲಬಹುದಾದಷ್ಟು ವಿಸ್ತಾರದ ಅಗ್ಗಿಷ್ಟಿಕೆ. ಕಿಟಕಿಯ ಬಳಿ ಕಲ್ಲಿನಲ್ಲಿ ಕಡೆದ ತೊಳೆಯುವ ತೊಟ್ಟಿ. ಅದರ ನೀರು ಗೋಡೆಯನ್ನು ಹಾದು ಹೊರಗೆ ಚಾಚಿದ ಕಲ್ಲಿನ ನಾಲಗೆಯಿಂದ ಹಿತ್ತಿಲಿಗೆ ಬೀಳುತ್ತದೆ. ಅದೇ ಮಾಡಿನ ಅಡಿಯಲ್ಲಿ ದನದ ಹಟ್ಟಿ ಮತ್ತು ಹುಲ್ಲಿನ ಅಟ್ಟ. ಸ್ವಲ್ಪ ಅನುಕೂಲವಂತರ ಮನೆಯಾದರೆ ಅಂಗಳದ ಮೂಲೆಯಲ್ಲಿ ರೊಟ್ಟಿ ಸುಡುವ ಗೂಡು.

ಈ ಮನೆಗಳನ್ನು ಕಟ್ಟಿದವರು ಸಾಮಾನ್ಯ ಗಾರೆಯವರಲ್ಲ. ‘ಕ್ರೂಜಿನ ಮೇಸ್ತ್ರಿಗಳು’ ಎಂದರೆ ಫ್ರಾನ್ಸಿನಲ್ಲೆಲ್ಲ ಪ್ರಸಿದ್ಧರು. ಹೊಲ ಸಾಲದೆ, ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಸಾವಿರಾರು ಗಂಡಸರು ಊರು ಬಿಟ್ಟು ಪ್ಯಾರಿಸಿಗೂ ಲಿಯೋನಿಗೂ ಹೋಗಿ ಕಟ್ಟಡ ಕಟ್ಟುತ್ತಿದ್ದರು. ಚಳಿಗಾಲದ ಮೊದಲಿಗೆ ಮರಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನ ಎಷ್ಟೋ ಬೀದಿಗಳು ಅವರ ಕೈಕೆಲಸ. ಅವರಲ್ಲೊಬ್ಬ ಮಾರ್ಟಿನ್ ನಾದೋ. ಲಾ ಮಾರ್ತಿನೇಶ್ ಎಂಬ ಕುಗ್ರಾಮದಲ್ಲಿ 1815ರಲ್ಲಿ ಹುಟ್ಟಿದ ಆತನು 1830ರಲ್ಲಿ, ಇನ್ನೂ ಹದಿನೈದು ತುಂಬದ ಹುಡುಗನಾಗಿ, ತಂದೆಯ ಹಿಂದೆ ನಡೆಯುತ್ತ ಪ್ಯಾರಿಸಿನ ದಾರಿ ಹಿಡಿದನು. ಗಾರೆ ಹೊತ್ತವನು ಮುಂದೆ ಸಂಸತ್ತಿನ ಸದಸ್ಯನಾದನು. 1851ರ ಡಿಸೆಂಬರಿನಲ್ಲಿ ನಡೆದ ಕ್ಷಿಪ್ರಕ್ರಾಂತಿಯ ಬಳಿಕ ಗಡೀಪಾರಾಗಿ ಇಂಗ್ಲೆಂಡಿನಲ್ಲಿ ಬಾಳಿದನು. ಹಿಂದಿರುಗಿ 1880ರಲ್ಲಿ, ಕೆಲಸದ ವೇಳೆ ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ಸಿಗಬೇಕೆಂಬ ಮಸೂದೆಯನ್ನು ಮಂಡಿಸಿದನು. ಅದು ಕಾಯಿದೆಯಾದದ್ದು 1898ರಲ್ಲಿ, ಆತ ತೀರಿಕೊಂಡ ವರ್ಷ. ಅಟ್ಟಣಿಗೆಯಿಂದ ಬಿದ್ದವರನ್ನು ಕಣ್ಣಾರೆ ಕಂಡವನು ಬರೆದ ಮಸೂದೆ ಅದು.

ರೈಲು ಬಂದ ಮೇಲೆ ಮೇಸ್ತ್ರಿಗಳು ಸಂಸಾರವನ್ನೂ ಪೇಟೆಗೆ ಕರೆದೊಯ್ದರು. ಅಳಿದುಳಿದ ಯುವಕರನ್ನು ಮೊದಲನೆಯ ಮಹಾಯುದ್ಧ ಕೊಂಡೊಯ್ದಿತು. ಝಾಂತಿಯೂ ಎಂಬ ಹಳ್ಳಿಯಲ್ಲಿ 1922ರ ಒಂದು ಸ್ಮಾರಕವಿದೆ. ಸಾಮಾನ್ಯವಾಗಿ ಇಂಥ ಸ್ಮಾರಕಗಳ ಮೇಲೆ ವೀರಯೋಧನ ವಿಗ್ರಹವಿರುತ್ತದೆ. ಇಲ್ಲಿ ಇರುವವನು ಅನಾಥ ಶಾಲಾಬಾಲಕ. ಯುದ್ಧಕ್ಕೆ ಶಾಪ ಹಾಕುವ ಬರಹದ ಕಡೆಗೆ ಅವನು ಮುಷ್ಟಿ ಚಾಚಿ ನಿಂತಿದ್ದಾನೆ.

ಹೀಗೆ ಮನೆಗಳು ಬರಿದಾದವು. ಆದರೆ ಬರಿದಾದ ಮನೆಯನ್ನು ಬೇರೊಬ್ಬರು ಕೊಂಡು ಬಾಳಬಹುದಿತ್ತಲ್ಲ? ಐವತ್ತು, ಅರುವತ್ತು ವರ್ಷ ಅದು ಬೀಗ ಬಿದ್ದೇ ಉಳಿದದ್ದೇಕೆ? ಇದಕ್ಕೆ ಉತ್ತರವನ್ನು ಹೊಲಗಳಲ್ಲಿ ಹುಡುಕುವುದಕ್ಕಿಂತ ದಸ್ತಾವೇಜಿನ ಕಟ್ಟುಗಳಲ್ಲಿ ಹುಡುಕುವುದು ಮೇಲು. 1804ರ ಫ್ರೆಂಚ್ ನಾಗರಿಕ ಸಂಹಿತೆಯು ಹಿರಿಯ ಮಗನಿಗೇ ಆಸ್ತಿ ಎಂಬ ಹಳೆಯ ರೂಢಿಯನ್ನು ಕೈಬಿಟ್ಟು ಮಕ್ಕಳೆಲ್ಲರಿಗೂ ಸಮಪಾಲು ಕೊಟ್ಟಿತು. ತಂದೆಯು ಮರಣಶಾಸನ ಬರೆದರೂ ಮಕ್ಕಳ ಕಾಯ್ದಿರಿಸಿದ ಪಾಲನ್ನು ಮುಟ್ಟುವಂತಿಲ್ಲ. ಒಂದೇ ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಭಾಗ, ಮೂವರೋ ಹೆಚ್ಚೋ ಇದ್ದರೆ ನಾಲ್ಕರಲ್ಲಿ ಮೂರು ಭಾಗ ಹಾಗೆ ಮೀಸಲು. ನ್ಯಾಯವಾದ ಕಾನೂನು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಜ್ಜನು ತೀರಿಕೊಂಡಾಗ ನಾಲ್ವರು ಮಕ್ಕಳು ಪಾಲು ಮಾಡಿಕೊಳ್ಳದೆ ಹೋದರೆ, ಅವರ ಮಕ್ಕಳ ಕಾಲಕ್ಕೆ ಒಂದು ಅಗ್ಗಿಷ್ಟಿಕೆಗೆ ಹತ್ತೋ ಹನ್ನೆರಡೋ ಹಿಸ್ಸೆದಾರರು. ಒಬ್ಬ ಲಿಯೋನಿನಲ್ಲಿ, ಒಬ್ಬಳು ಕೆನಡಾದಲ್ಲಿ, ಮತ್ತೊಬ್ಬನು ಎಲ್ಲಿದ್ದಾನೆಂದೇ ಗೊತ್ತಿಲ್ಲ. ಹಂಚು ಜಾರಿದರೆ ಖರ್ಚು ಯಾರದು? ಮಾರಬೇಕಾದರೆ ಎಲ್ಲರ ಸಹಿ ಬೇಕು. ಪಾಲಾಗದೆ ಸೋರುತ್ತಿರುವ ಹಿರಿಯರ ಮನೆಯನ್ನು ಕಂಡ ನಮ್ಮ ಕಡೆಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಅವಿಭಕ್ತ ಸ್ವತ್ತಿನಲ್ಲಿ ಉಳಿಯಲು ಯಾರನ್ನೂ ಬಲವಂತಪಡಿಸಲಾಗದು, ಯಾವ ಹಿಸ್ಸೆದಾರನೂ ವಿಭಾಗ ಕೇಳಬಹುದು ಎಂದು ಅದೇ ಸಂಹಿತೆಯ 815ನೆಯ ವಿಧಿ ಸಾರುತ್ತದೆ. ಆದರೆ ದಾವೆಯ ವೆಚ್ಚ ಮನೆಯ ಬೆಲೆಯನ್ನು ಮೀರುವಂತಿದ್ದರೆ ಯಾರು ಹೂಡುತ್ತಾರೆ? ಈ ಗಂಟು ತುಸು ಸಡಿಲಗೊಂಡದ್ದು ಇತ್ತೀಚೆಗೆ. 2006ರ ಸುಧಾರಣೆಯು ಮೂರರಲ್ಲಿ ಎರಡು ಭಾಗದ ಹಕ್ಕುಳ್ಳವರಿಗೆ ದೈನಂದಿನ ಆಡಳಿತದ ಅಧಿಕಾರ ನೀಡಿತು. 2009ರ ಕಾಯಿದೆಯು ಅಷ್ಟೇ ಭಾಗದವರು ನ್ಯಾಯಾಲಯದ ಅನುಮತಿಯಿಂದ ಮಾರಲು ದಾರಿ ತೆರೆಯಿತು. ವಾರಸುದಾರರು ಯಾರೂ ಮುಂದೆ ಬಾರದ ಮನೆಯು ಮೂವತ್ತು ವರ್ಷಗಳ ಬಳಿಕ ಗ್ರಾಮಾಡಳಿತಕ್ಕೆ ಸೇರಬಹುದಿತ್ತು. 2022ರಿಂದ ಕೆಲವು ಗ್ರಾಮೀಣ ವಲಯಗಳಲ್ಲಿ ಆ ಅವಧಿ ಹತ್ತು ವರ್ಷಕ್ಕೆ ಇಳಿದಿದೆ. ಹಾಗಾಗಿ ಮನೆಯ ಜೀರ್ಣೋದ್ಧಾರವು ಕರಣೆಯಿಂದ ಆರಂಭವಾಗುವುದಿಲ್ಲ, ಸಹಿಗಳಿಂದ ಆರಂಭವಾಗುತ್ತದೆ.

ಸಹಿ ಬೀಳುವುದು ‘ನೊತೇರ್’ ಎಂಬವರ ಮುಂದೆ. ನ್ಯಾಯಾಲಯದ ಬಾಗಿಲಲ್ಲಿ ಮೊಹರು ಒತ್ತಿಕೊಡುವ ನಮ್ಮ ನೋಟರಿಯಂತಲ್ಲ. ಅವರು ಸರಕಾರದಿಂದ ನೇಮಕಗೊಂಡ ಅಧಿಕಾರಿ. ಹಕ್ಕಿನ ಮೂಲವನ್ನು ಶೋಧಿಸಿ, ಪತ್ರ ಬರೆದು, ನೋಂದಾಯಿಸುವ ಹೊಣೆ ಅವರದೇ. ಕರಾರಾದ ಮೇಲೆ ಕೊಳ್ಳುವವನಿಗೆ ಮನಸ್ಸು ಬದಲಿಸಲು ಹತ್ತು ದಿನಗಳ ಅವಕಾಶ. ಜೊತೆಗೆ ಪರೀಕ್ಷಾ ವರದಿಗಳ ಒಂದು ಕಟ್ಟು: 1949ಕ್ಕಿಂತ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸವಿದೆಯೇ, 1997ಕ್ಕಿಂತ ಹಿಂದಿನದಾದರೆ ಕಲ್ನಾರು ಇದೆಯೇ, ಹದಿನೈದು ವರ್ಷ ದಾಟಿದ ವಿದ್ಯುತ್ ತಂತಿಗಳ ಸ್ಥಿತಿ ಏನು, ಶೌಚದ ನೀರು ಎಲ್ಲಿಗೆ ಹೋಗುತ್ತದೆ. ಈ ಕೊನೆಯ ವರದಿಯನ್ನು ಕಣ್ಣಿಟ್ಟು ಓದಬೇಕು. ಗುಂಡಿ ನಿಯಮದಂತೆ ಇಲ್ಲದಿದ್ದರೆ ಒಂದು ವರ್ಷದೊಳಗೆ ಸರಿಪಡಿಸುವ ಹೊಣೆ ಕೊಂಡವನದು. ಮನೆ ಅಗ್ಗವೆಂದು ಹಿಗ್ಗಿದವರ ಹಿಗ್ಗು ಇಳಿಯುವುದು ಸಾಮಾನ್ಯವಾಗಿ ಇಲ್ಲಿ.

ಕೆಲಸದ ಕ್ರಮ ಬದಲಾಗದು. ಮೊದಲು ಮಾಡು. ಚೆಸ್ಟ್‌ನಟ್ ಮರದ ತೊಲೆಗಳು ಗಟ್ಟಿ. ಆದರೆ ಒಂದು ಹಂಚು ಸರಿದ ಕಡೆ ಇಪ್ಪತ್ತು ಮಳೆಗಾಲ ನೀರಿಳಿದರೆ ಯಾವ ಮರವೂ ತಾಳದು. ಪಕ್ಕಾಸಿನ ತುದಿ, ಅದು ಗೋಡೆಗೆ ಕೂರುವ ಜಾಗ, ಇವನ್ನು ಚಾಕುವಿನಿಂದ ಚುಚ್ಚಿ ನೋಡುತ್ತಾರೆ. ಮರ ಕೊರೆಯುವ ಹುಳಕ್ಕಿಂತಲೂ ಅಂಜಬೇಕಾದದ್ದು ‘ಮೆರ್ಯೂಲ್’ ಎಂಬ ಬೂಷ್ಟಿಗೆ. ತೇವದ ಕತ್ತಲಲ್ಲಿ ಅದು ಕಲ್ಲುಗೋಡೆಯನ್ನೂ ದಾಟಿ ಹಬ್ಬಬಲ್ಲದು. ಅನಂತರ ನೀರು. ದಶಕಗಳ ಕಾಲ ಇಳಿಜಾರಿನಿಂದ ಜಾರಿದ ಮಣ್ಣು ಹಿಂಗೋಡೆಗೆ ಒರಗಿ ನಿಂತಿರುತ್ತದೆ. ಅದನ್ನು ತೋಡಿ ತೆಗೆದು ನೀರು ಹರಿದುಹೋಗಲು ದಾರಿ ಮಾಡಬೇಕು.

ಮೂರನೆಯದು ಸಿಮೆಂಟು ಕೀಳುವ ಕೆಲಸ. ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಒಳ್ಳೆಯ ಉದ್ದೇಶದಿಂದಲೇ ಹಳೆಯ ಗೋಡೆಗೆ ಸಿಮೆಂಟು ಬಳಿದಿರುತ್ತಾರೆ. ಹಳೆಯ ಗೋಡೆಯು ಎರಡು ಪದರ ಕಲ್ಲುಗಳ ನಡುವೆ ಮಣ್ಣು, ಚೂರುಕಲ್ಲು ತುಂಬಿದ್ದು. ನೆಲದ ತೇವ ಅದರೊಳಗೆ ಏರುತ್ತಲೇ ಇರುತ್ತದೆ. ಸುಣ್ಣದ ಗಾರೆಯಾದರೆ ಆ ತೇವವನ್ನು ಹೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ; ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಗೋಡೆಯ ಮೈ ಸಿಡಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಆದುದರಿಂದ ಬಲ್ಲ ಮೇಸ್ತ್ರಿಯು ಸಿಮೆಂಟನ್ನು ಕಿತ್ತು, ಕಲ್ಲಿನ ಸಂದುಗಳನ್ನು ಕೆರೆದು, ಸುಣ್ಣ ಮತ್ತು ಮರಳಿನಿಂದ ತುಂಬುತ್ತಾನೆ. ಒಳಗೋಡೆಗೆ ಸೆಣಬಿನ ಜಾತಿಯ ಗಿಡದ ಒಳದಂಟಿನ ಚೂರುಗಳನ್ನು ಸುಣ್ಣದಲ್ಲಿ ಕಲಸಿ ಬಳಿಯುವುದುಂಟು. ಚಳಿ ತಡೆಯುತ್ತದೆ, ತೇವವನ್ನೂ ಕಟ್ಟಿಹಾಕುವುದಿಲ್ಲ. ಹಿಮ ಬೀಳುವ ದಿನಗಳಲ್ಲಿ ಸುಣ್ಣದ ಕೆಲಸ ಕೂಡದು. ಮೇಸ್ತ್ರಿಗಳು ಊರು ಬಿಟ್ಟು ಹೋಗುತ್ತಿದ್ದ ವಸಂತದ ದಿನಗಳಲ್ಲೇ ಈಗ ಅವರ ಮನೆಗಳ ಕೆಲಸ ಆರಂಭವಾಗುತ್ತದೆ.

ಕಾನೂನು ಇಲ್ಲಿಯೂ ಬೆನ್ನು ಬಿಡದು. ಹೊಸ ಕಿಟಕಿ ತೆರೆಯಲು ಗ್ರಾಮಾಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕು. ರಕ್ಷಿತ ಸ್ಮಾರಕವೊಂದು 500 ಮೀಟರಿನೊಳಗಿದ್ದರೆ ಸರಕಾರಿ ವಾಸ್ತುಶಿಲ್ಪಿಯ ಅಭಿಪ್ರಾಯವೂ ಬೇಕಾದೀತು. ಕಟ್ಟಿದವನು ತನ್ನ ಕೆಲಸಕ್ಕೆ ಹತ್ತು ವರ್ಷ ಹೊಣೆ. ಈ ಹೊಣೆಗೆ ವಿಮೆಯನ್ನು 1978ರ ಕಾಯಿದೆ ಕಡ್ಡಾಯ ಮಾಡಿದೆ. ಹಣ ಉಳಿಸಲೆಂದು ತಾನೇ ಕರಣೆ ಹಿಡಿದ ಯಜಮಾನನು ಹತ್ತು ವರ್ಷದೊಳಗೆ ಮನೆ ಮಾರಿದರೆ, ಕಾನೂನಿನ ಕಣ್ಣಿನಲ್ಲಿ ಅವನೇ ಗುತ್ತಿಗೆದಾರ. ಮಾಡು ಸೋರಿದರೆ ಅವನೇ ಉತ್ತರ ಹೇಳಬೇಕು. ಈ ಮಾತನ್ನು ಕೊಳ್ಳುವ ದಿನವೇ ತಿಳಿದುಕೊಂಡವರು ವಿರಳ.

ಇಷ್ಟೆಲ್ಲ ಮುಗಿದ ಮನೆ ‘ಝೀತ್’ ಆಗುತ್ತದೆ. ಕನ್ನಡದ ಕಿವಿಗೆ ಜೀತವೆಂದು ಕೇಳಿಸಿದರೂ ಅರ್ಥ ತಂಗುದಾಣ. ಮೊಲ ಮೈಮಡಚಿ ಮಲಗುವ ತಾಣಕ್ಕೂ ಫ್ರೆಂಚರು ಅದೇ ಪದ ಬಳಸುತ್ತಾರೆ. ಹಳ್ಳಿಯ ಮನೆಯನ್ನು ಪೇಟೆಯ ಸಂಸಾರಗಳಿಗೆ ರಜೆಯ ವಾರಗಳಲ್ಲಿ ಬಾಡಿಗೆಗೆ ಕೊಡುವ ಈ ಪದ್ಧತಿಗೆ ವ್ಯವಸ್ಥಿತ ರೂಪ ಕೊಟ್ಟವರು ಆಲ್ಪ್ಸ್ ಪ್ರದೇಶದ ಸೆನೆಟ್ ಸದಸ್ಯ ಎಮಿಲ್ ಓಬೇರ್. ಮೊದಲ ಝೀತ್ 1951ರಲ್ಲಿ ಅಲ್ಲಿನ ಶೋದೋಲ್ ಎಂಬಲ್ಲಿ ತೆರೆಯಿತು. 1955ರಲ್ಲಿ ರಾಷ್ಟ್ರೀಯ ಒಕ್ಕೂಟವಾಯಿತು. ಬೇಸಾಯಗಾರನಿಗೆ ನಾಲ್ಕು ಕಾಸು ಸಿಕ್ಕರೆ ಊರಲ್ಲೇ ನಿಂತಾನು, ಕೆಳಮಧ್ಯಮ ವರ್ಗದ ಮಕ್ಕಳಿಗೂ ಒಂದು ರಜೆ ಒದಗೀತು ಎಂಬುದು ಮೂಲ ಆಲೋಚನೆ. ಒಕ್ಕೂಟವು ಮನೆಗಳ ದರ್ಜೆಯನ್ನು ನಕ್ಷತ್ರಗಳ ಬದಲಿಗೆ ಧಾನ್ಯದ ತೆನೆಗಳಿಂದ ಗುರುತಿಸುವುದರಲ್ಲಿ ಆ ಆಲೋಚನೆಯ ನೆನಪಿದೆ.

ಕ್ರೂಜಿನಲ್ಲಿ ಮನೆ ಕೊಳ್ಳುವವರಲ್ಲಿ ಬ್ರಿಟಿಷರೂ ಡಚ್ಚರೂ ಬಹಳ. ಬ್ರಿಟಿಷರಿಗೆ 2021ರಿಂದ, ದೀರ್ಘಾವಧಿಯ ಪರವಾನಿಗೆ ಇಲ್ಲದಿದ್ದರೆ, 180 ದಿನಗಳಲ್ಲಿ 90 ದಿನ ಮಾತ್ರ ತಂಗಲು ಅವಕಾಶ. ಸ್ವಂತ ಮನೆಯಲ್ಲೇ ಅತಿಥಿಗಳಾಗಿಬಿಟ್ಟರು. ಬಾಡಿಗೆಯ ಲೆಕ್ಕ ವಾರದ್ದು, ಶನಿವಾರದಿಂದ ಶನಿವಾರಕ್ಕೆ. ಜುಲೈ, ಆಗಸ್ಟಿನಲ್ಲಿ ವಸಿವಿಯೇರ್ ಸರೋವರದ ಸುತ್ತ ಜಾಗ ಸಿಗುವುದು ಕಷ್ಟ. ಆ ಸರೋವರವೂ 1950ರ ಅಣೆಕಟ್ಟಿನಿಂದಾದದ್ದು. ಅದರ ಕೆಳಗೆ ಮುಳುಗಿದ ಮನೆಗಳಿವೆ.

ಈ ಮನೆಗಳಿಂದ ಊರಿಗೆ ಲಾಭವಿಲ್ಲವೆಂದರೆ ಅನ್ಯಾಯವಾದೀತು. ಬಡಗಿಗೆ, ಮಾಡು ಹೊದಿಸುವವನಿಗೆ ಕೆಲಸ ಸಿಕ್ಕಿದೆ; ಬಿದ್ದುಹೋಗುತ್ತಿದ್ದ ಗೋಡೆ ನಿಂತಿದೆ. ಆದರೆ ಶಾಲೆ ಹಾಸಿಗೆಗಳನ್ನು ಲೆಕ್ಕ ಮಾಡುವುದಿಲ್ಲ, ಮಕ್ಕಳನ್ನು ಲೆಕ್ಕ ಮಾಡುತ್ತದೆ. ಶನಿವಾರ ಬಂದು ಮುಂದಿನ ಶನಿವಾರ ಹೊರಡುವ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಬರದು. ಸಂಖ್ಯೆ ಇಳಿದಂತೆ ಎರಡು ಮೂರು ಹಳ್ಳಿಗಳ ಶಾಲೆಗಳನ್ನು ಹೆಣೆದು, ಕೆಳತರಗತಿ ಒಂದೂರಲ್ಲಿ, ಮೇಲ್ತರಗತಿ ಇನ್ನೊಂದೂರಲ್ಲಿ ನಡೆಸುತ್ತಾರೆ. ಮಕ್ಕಳು ಬಸ್ಸಿನಲ್ಲಿ ಓಡಾಡುತ್ತಾರೆ. ಒಂದು ತರಗತಿ ಮುಚ್ಚುವ ಸುದ್ದಿ ಬಂದರೆ ಪೋಷಕರು ಫಲಕ ಹಿಡಿದು ನಿಲ್ಲುತ್ತಾರೆ. ಗಡಿನಾಡಿನ ಕನ್ನಡ ಶಾಲೆಗಳ ಪೋಷಕರಿಗೆ ಆ ನಿಲುವು ಅಪರಿಚಿತವಲ್ಲ.

ಈ ಮನೆಗಳಲ್ಲಿ ಹಿಂದೆ ಆಡುತ್ತಿದ್ದ ಮಾತು ಪ್ಯಾರಿಸಿನ ಫ್ರೆಂಚ್ ಆಗಿರಲಿಲ್ಲ. ಜಿಲ್ಲೆಯ ದಕ್ಷಿಣದಲ್ಲಿ ಆಕ್ಸಿಟನ್ ಭಾಷೆಯ ಒಂದು ರೂಪ, ಉತ್ತರದಲ್ಲಿ ಅದೂ ಫ್ರೆಂಚೂ ಬೆರೆತ ಗಡಿಯ ನುಡಿ. 1882ರ ಕಡ್ಡಾಯ ಶಿಕ್ಷಣ ಉಚಿತವಾಗಿ ಅಕ್ಷರ ಕಲಿಸಿತು; ಮನೆಮಾತನ್ನು ಆಡಿದ ಮಗುವಿಗೆ ಶಿಕ್ಷೆಯನ್ನೂ ಕೊಟ್ಟಿತು. 1979ರಲ್ಲಿ ಪೋ ನಗರದಲ್ಲಿ ಆಕ್ಸಿಟನ್ ಮಾಧ್ಯಮದ ‘ಕಲಾಂದ್ರೆತಾ’ ಶಾಲೆಯನ್ನು ಪೋಷಕರೇ ಕಟ್ಟಿದರು. ಲಿಮೋಜಿನಲ್ಲೂ ಅಂಥದೊಂದು ಇದೆ. ಕ್ರೂಜಿನ ಹಳ್ಳಿಗಳಲ್ಲಿ ಆ ನುಡಿ ಹೆಚ್ಚಾಗಿ ಉಳಿದಿರುವುದು ಭೂದಾಖಲೆಯಲ್ಲಿ. ನೆಪೋಲಿಯನ್ ಕಾಲದ ಅಳತೆಗಾರರು ಊರವರು ಹೇಳಿದ ಹೆಸರುಗಳನ್ನೇ ನಕ್ಷೆಯಲ್ಲಿ ಬರೆದುಕೊಂಡರು: ಶಸಾಞ್ ಎಂದರೆ ಓಕ್ ಮರಗಳ ತೋಪು, ಫಾಯ್ ಎಂದರೆ ಬೀಚ್ ಮರಗಳ ಜಾಗ, ಪ್ವಿ ಎಂದರೆ ಗುಡ್ಡ. ಕ್ರಯಪತ್ರದ ಪರಿಶಿಷ್ಟದಲ್ಲಿ ಸರ್ವೆ ಸಂಖ್ಯೆಯ ಪಕ್ಕ ಆ ಹೆಸರುಗಳು ಇಂದಿಗೂ ಬರುತ್ತವೆ. ಕೊಂಡವರಲ್ಲಿ ಕೆಲವರು ಅದರಿಂದಲೇ ತಮ್ಮ ಝೀತಿಗೆ ಹೆಸರು ಆರಿಸುತ್ತಾರೆ. ಉಚ್ಚಾರ ತಿಳಿಯಲು ಪಕ್ಕದ ಮನೆಯ ಮುದುಕಿಯ ಬಳಿಗೆ ಹೋಗಬೇಕಾಗುತ್ತದೆ.

ನವೆಂಬರಿನಲ್ಲಿ ಕೊನೆಯ ಅತಿಥಿ ಹೊರಟ ಮೇಲೆ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಿರಲೆಂದು ಎಲ್ಲವನ್ನೂ ಬರಿದು ಮಾಡುತ್ತಾರೆ. ಕಿಟಕಿಯ ಕದ ಮುಚ್ಚಿ, ಬೀಗ ಹಾಕಿ, ಕೀಲಿಕೈಯನ್ನು ಆ ಮುದುಕಿಯ ಕೈಗೆ ಕೊಡುತ್ತಾರೆ. ಬಾಗಿಲ ಹಿಂದಿನ ಮೊಳೆಯಲ್ಲಿ ಇಂಥ ಕೀಲಿಕೈಗಳು ಮೂರೋ ನಾಲ್ಕೋ ತೂಗುತ್ತಿರುತ್ತವೆ. ಹೊಸದನ್ನೂ ಅಲ್ಲೇ ತೂಗುಹಾಕಿ, ನೀರಿನ ತಿರುಪು ನಿಲ್ಲಿಸಿದಿರಾ ಎಂದು ಆಕೆ ಇನ್ನೊಮ್ಮೆ ಕೇಳುತ್ತಾಳೆ.