ಹೆಸರಿಲ್ಲದವರು ಒಪ್ಪಿಸಿದ ನ್ಯಾಸ

ಸತ್ತವನಿಗೆ ಹೆಸರಿನ ಹಂಗಿಲ್ಲವೆಂದು ಲೋಕ ಹೇಳಬಹುದು. ಆದರೆ ಆ ಹೆಸರು ತಿಳಿಯದಿದ್ದರೆ ಅವನನ್ನು ನಂಬಿದವರ ಬಾಳು ನಡುದಾರಿಯಲ್ಲೇ ನಿಲ್ಲುತ್ತದೆ. ಹೊಟ್ಟೆಪಾಡಿಗಾಗಿಯೋ ಪ್ರಾಣಭಯದಿಂದಲೋ ತಾಯ್ನಾಡು ತೊರೆದು, ಕಡಲಿನಲ್ಲಿ ಇಲ್ಲವೆ ಮರುಭೂಮಿಯಲ್ಲಿ ಅಸುನೀಗಿದವರ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಪತ್ನಿಗೆ ತಾನು ವಿಧವೆಯೋ ಅಲ್ಲವೋ ತಿಳಿಯದು. ಮರಣಪತ್ರವಿಲ್ಲದೆ ಮಕ್ಕಳ ಹಕ್ಕು ಇತ್ಯರ್ಥವಾಗದು. ತಾಯಿ ಬಾಗಿಲ ಕಡೆ ನೋಡುವುದನ್ನು ಬಿಡಲಾರಳು.

2014ರಿಂದ 2023ರವರೆಗಿನ ಹತ್ತು ವರ್ಷಗಳಲ್ಲಿ ವಿಶ್ವಸಂಸ್ಥೆಯ ವಲಸೆ ಸಂಸ್ಥೆಯು ದಾಖಲಿಸಿದ ಇಂಥ ಸಾವು ಹಾಗೂ ಕಣ್ಮರೆಗಳ ಸಂಖ್ಯೆ 63,000ಕ್ಕೂ ಹೆಚ್ಚು. ದಾಖಲಾದ ಮೃತರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಅಧಿಕ ಜನರ ಗುರುತು ಪತ್ತೆಯಾಗಿಲ್ಲ.

ಮೃತರ ಗುರುತು ಹಿಡಿಯಲು ಇಂಟರ್‌ಪೋಲ್ ಸಂಸ್ಥೆಯ ನಿಯಮಾವಳಿಯಿದೆ. ಬೆರಳಚ್ಚು, ಹಲ್ಲಿನ ದಾಖಲೆ, ಡಿ.ಎನ್.ಎ. ಇವು ಅದರಲ್ಲಿ ಪ್ರಥಮ ಶ್ರೇಣಿಯ ಸಾಕ್ಷ್ಯಗಳು. ಉಡುಪು, ಒಡವೆ, ಜೇಬಿನ ವಸ್ತುಗಳು ದ್ವಿತೀಯ ಶ್ರೇಣಿಯವು. ಶಾಸ್ತ್ರದೃಷ್ಟಿಯಿಂದ ಈ ಕ್ರಮ ಸರಿಯೇ. ಆದರೆ ಬಡ ವಲಸಿಗನ ಹಲ್ಲಿನ ಚಿತ್ರ ಯಾವ ವೈದ್ಯನಲ್ಲಿದ್ದೀತು? ಡಿ.ಎನ್.ಎ. ಸಹ ಹೋಲಿಸಿ ನೋಡಲು ರಕ್ತಸಂಬಂಧಿಯೊಬ್ಬರು ಸಿಕ್ಕಿದ ಬಳಿಕವಷ್ಟೇ ಮಾತನಾಡುತ್ತದೆ. ಆ ಸಂಬಂಧಿಯನ್ನು ಯಾವ ದೇಶದಲ್ಲಿ, ಯಾವ ಊರಿನಲ್ಲಿ ಹುಡುಕಬೇಕೆಂದು ಹೇಳಬಲ್ಲುದು ಹಲವೊಮ್ಮೆ ಮೃತನ ಜೇಬೊಂದೇ. ಹೀಗೆ ನಿಯಮದಲ್ಲಿ ಎರಡನೆಯದಾದುದು ಬಡವನ ಪಾಲಿಗೆ ಮೊದಲನೆಯದಾಗುತ್ತದೆ.

2015ರ ಏಪ್ರಿಲ್ 18ರಂದು ಲಿಬಿಯಾದ ಕರಾವಳಿಯಾಚೆ ವಲಸಿಗರಿಂದ ಕಿಕ್ಕಿರಿದ ದೋಣಿಯೊಂದು ಮುಳುಗಿತು. ಬದುಕಿದವರು 28 ಮಂದಿ, ಮಡಿದವರು ನೂರಾರು. 2016ರಲ್ಲಿ ಇಟಲಿಯ ನೌಕಾಪಡೆ ಅದನ್ನು ಕಡಲತಳದಿಂದ ಮೇಲೆತ್ತಿ ಸಿಸಿಲಿಯ ಮೆಲಿಲ್ಲಿಗೆ ತಂದಿತು. ಮಿಲಾನ್ ವಿಶ್ವವಿದ್ಯಾಲಯದ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕಿ ಕ್ರಿಸ್ಟೀನಾ ಕಟ್ಟಾನೆಯೊ ಹಾಗೂ ಅವರ ಸಹೋದ್ಯೋಗಿಗಳು ಶವಗಳನ್ನು ಪರೀಕ್ಷಿಸಿದರು. ಮೂಳೆಗಳಿಂದ ಹದಿನಾಲ್ಕರ ಆಸುಪಾಸಿನವನೆಂದು ತಿಳಿದ ಮಾಲಿ ದೇಶದ ಬಾಲಕನೊಬ್ಬನ ಉಡುಪಿನ ಒಳಗೆ ಮಡಿಸಿಟ್ಟು ಹೊಲಿದ ಕಾಗದವೊಂದಿತ್ತು. ಅದು ಅವನ ಶಾಲೆಯ ಅಂಕಪಟ್ಟಿ. ತಾನು ಚೆನ್ನಾಗಿ ಓದುವ ಹುಡುಗನೆಂದು ಹೊಸ ನಾಡಿನವರಿಗೆ ತೋರಿಸುವ ಆಸೆ ಅವನಿಗಿದ್ದಿರಬೇಕು. ಇದೇ ತಂಡವು ಪರೀಕ್ಷಿಸಿದ ಎರಿಟ್ರಿಯಾದ ಯುವಕನೊಬ್ಬನ ಅಂಗಿಯಲ್ಲಿದ್ದುದು ಪುಟ್ಟ ಚೀಲದಲ್ಲಿ ಕಟ್ಟಿದ ಹುಟ್ಟೂರ ಮಣ್ಣು. ಇಬ್ಬರೂ ತಮ್ಮ ಬಳಿ ಇದ್ದುದರಲ್ಲಿ ಯಾವುದು ಅಮೂಲ್ಯವೋ ಅದನ್ನೇ ಮೈಗೆ ಹತ್ತಿರವಾಗಿ ಇಟ್ಟುಕೊಂಡಿದ್ದರು.

ಆದರೆ ಇಲ್ಲಿ ಆತುರ ಸಲ್ಲದು. ಚಳಿಗೆ ನಡುಗುವವನಿಗೆ ಜೊತೆಗಾರನು ತನ್ನ ಅಂಗಿ ಕೊಟ್ಟಿರಬಹುದು. ಒಬ್ಬನ ಕಾಗದಪತ್ರ ಮತ್ತೊಬ್ಬನ ಜೇಬಿನಲ್ಲಿರಬಹುದು. ಪತ್ರದಲ್ಲಿರುವ ಹೆಸರೇ ಸುಳ್ಳಾಗಿರಬಹುದು. ವಸ್ತುವನ್ನೇ ನಂಬಿ ತಪ್ಪು ಹೆಸರಿಟ್ಟರೆ ಎರಡು ಮನೆಗಳಿಗೆ ಅನ್ಯಾಯವಾಗುತ್ತದೆ. ಒಂದು ಮನೆ ತನ್ನದಲ್ಲದ ಶವಕ್ಕೆ ಅಳುತ್ತದೆ. ಇನ್ನೊಂದು ಮನೆ ಮಣ್ಣಾದವನಿಗಾಗಿ ಕಾಯುತ್ತದೆ. ಆದ್ದರಿಂದ ವಸ್ತು ದಾರಿ ತೋರಬೇಕು, ದೇಹವೇ ಅದನ್ನು ದೃಢಪಡಿಸಬೇಕು.

ಗ್ರೀಸ್ ಮತ್ತು ಟರ್ಕಿಗಳ ಗಡಿಯಾದ ಎವ್ರೋಸ್ ನದಿಯಲ್ಲಿ ಸಿಕ್ಕುವ ಶವಗಳ ಮುಖ ನೀರಿನಿಂದ ಗುರುತು ಸಿಗದಂತಾಗಿರುತ್ತದೆ. ಅಲೆಕ್ಸಾಂಡ್ರೂಪೋಲಿಯ ನ್ಯಾಯವೈದ್ಯ ಪಾವ್ಲೋಸ್ ಪಾವ್ಲಿದಿಸ್ ಅವರು ಆ ಶವಗಳ ಮೇಲಿನ ಉಂಗುರ, ಕೈಗಡಿಯಾರ ಮೊದಲಾದವನ್ನು ಲಕೋಟೆಗಳಲ್ಲಿ ವರ್ಷಗಟ್ಟಲೆ ಕಾಪಾಡುತ್ತ ಬಂದವರು. ಎಂದಾದರೂ ಒಬ್ಬ ಬಂಧು ಬಂದು ಕೇಳಿಯಾನೆಂಬುದೇ ಇದರ ಉದ್ದೇಶ. ವ್ಯವಹಾರದಲ್ಲಿ ಇಂಥದನ್ನು ನ್ಯಾಸವೆನ್ನುತ್ತಾರೆ. ನ್ಯಾಸವಿಟ್ಟವನು ತೀರಿಕೊಂಡನೆಂದು ಇಟ್ಟುಕೊಂಡವನ ಹೊಣೆ ತೀರುವುದಿಲ್ಲ. ವಾರಸುದಾರನಿಗೆ ಒಪ್ಪಿಸುವವರೆಗೂ ಅದು ಋಣವೇ. ಒಡೆಯನು ಲೆಕ್ಕ ಕೇಳಲಾರನಾದ್ದರಿಂದ ಇಲ್ಲಿ ಪ್ರಾಮಾಣಿಕತೆ ಇಮ್ಮಡಿಯಾಗಿರಬೇಕು.

ಬದುಕಿರುವವರೇ ಸಂಕಟದಲ್ಲಿರುವಾಗ ಸತ್ತವರಿಗಾಗಿ ಈ ಶ್ರಮ, ಈ ವೆಚ್ಚ ಏಕೆಂದು ಕೇಳುವವರುಂಟು. ಈ ಶ್ರಮವೂ ಬದುಕಿರುವವರಿಗಾಗಿಯೇ ಎಂಬುದನ್ನು ವಾಚಕರು ಗಮನಿಸಬೇಕು. ಒದ್ದೆ ಬಟ್ಟೆಯನ್ನು ಕಸವೆಂದು ಸುಡದಿರುವುದು, ಹರಿದ ಚೀಟಿಯಲ್ಲಿನ ದೂರವಾಣಿ ಸಂಖ್ಯೆಯನ್ನು ಬರೆದಿಡುವುದು, ಯಾವ ವಸ್ತು ಯಾವ ದೇಹದ್ದೆಂದು ತಪ್ಪದೆ ನಮೂದಿಸುವುದು: ಇವು ಹೆಚ್ಚಿನ ಹಣ ಬೇಡುವ ಕೆಲಸಗಳಲ್ಲ, ಶ್ರದ್ಧೆ ಬೇಡುವ ಕೆಲಸಗಳು. ಗುರುತಿಲ್ಲದ ಶವ ಯಾವ ಊರಿನಲ್ಲಿ ಸಿಕ್ಕರೂ ಅದನ್ನು ಮೊದಲು ಮುಟ್ಟುವ ಕೈಗೆ ಈ ಶ್ರದ್ಧೆಯಿದ್ದರೆ, ದೂರದ ಯಾವುದೋ ಮನೆಯವರಿಗೆ ನಿಜವೇನೆಂದು ತಿಳಿಯುವ ದಾರಿ ಮುಚ್ಚಿಹೋಗದು.