ಮಾಳಿಗೆ ಮೇಲಿನ ಮಾವ, ಗುಡ್ಡದ ಮೇಲಿನ ಭೂತ

ಸತ್ತವರು ಎದ್ದು ಬರುವುದು ಟೀವಿಯಲ್ಲಿ ಈಗ ಮಾಮೂಲು. ದೆವ್ವಗಳ ಮಾತಲ್ಲ, ಧಾರಾವಾಹಿಗಳ ಮಾತು. 2020ರ ಮಾರ್ಚಿನಲ್ಲಿ ದೇಶಕ್ಕೇ ಬೀಗ ಬಿದ್ದಾಗ ರಮಾನಂದ ಸಾಗರರ ರಾಮಾಯಣ ಮತ್ತೆ ಬಂತು. 2022ರಲ್ಲಿ ಟಿ.ಎನ್. ಸೀತಾರಾಮ್ ‘ಮತ್ತೆ ಮಾಯಾಮೃಗ’ ಎಂದರು. 1993ರಲ್ಲಿ ಶುರುವಾಗಿ 2002ರಲ್ಲಿ ಮುಗಿದಿದ್ದ ಅಮೆರಿಕದ ‘ಎಕ್ಸ್ ಫೈಲ್ಸ್’ 2016ರಲ್ಲೊಮ್ಮೆ, 2018ರಲ್ಲೊಮ್ಮೆ ಎದ್ದು ಕೂತು ಮತ್ತೆ ಮಲಗಿತ್ತು. ಅದೀಗ ರಯಾನ್ ಕೂಗ್ಲರ್ ಎಂಬ ನಿರ್ದೇಶಕರ ಕೈಯಲ್ಲಿ ಮತ್ತೊಮ್ಮೆ ಮೈ ಮುರಿದು ಏಳುತ್ತಿದೆಯಂತೆ. ಹಾರುವ ತಟ್ಟೆಗಳಿಗೇ ಇಷ್ಟು ಮರುಜನ್ಮವಿದ್ದರೆ ನಮ್ಮ ಭೂತಕ್ಕೊಂದು ಪಾಳಿ ಬೇಡವೇ? ಹಾಗಂದುಕೊಂಡು ಒಂದು ರಾತ್ರಿ ಫೋನಿನಲ್ಲಿ ‘ಗುಡ್ಡದ ಭೂತ’ ಹುಡುಕಿದೆ. ಸಿಕ್ಕಿತು.

ತೊಂಬತ್ತರ ದಶಕದಲ್ಲಿ ದೂರದರ್ಶನಕ್ಕೆ ಕಣ್ಣು ನೆಟ್ಟು ಕೂತವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಹದಿಮೂರು ಕಂತು, ಸದಾನಂದ ಸುವರ್ಣರ ನಿರ್ದೇಶನ, ಇನ್ನೂ ಪ್ರಕಾಶ್ ರಾಜ್ ಆಗಿರದ ಎಳೆ ಮುಖದ ಪ್ರಕಾಶ್ ರೈ, ತುಳುನಾಡಿನ ಹಳ್ಳಿ, ಊರಿಗೇ ನಡುಕ ಹುಟ್ಟಿಸಿದ ಗುಡ್ಡ. ಮೇಲಿಂದ ಆ ‘ಡೆನ್ನಾನ’ ಹಾಡು. ಹಾಡಿನ ಅರ್ಥ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅದು ಶುರುವಾದೊಡನೆ ನಮ್ಮ ಬೀದಿಯಲ್ಲಿ ಗೋಲಿ ಆಡುತ್ತಿದ್ದ ಹುಡುಗರು ಗೋಲಿಗಳನ್ನು ಅಲ್ಲೇ ಬಿಟ್ಟು ಓಡಿಬರುತ್ತಿದ್ದರು. 2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’ದಲ್ಲಿ ಡೆನ್ನಾನ ಮತ್ತೆ ಕೇಳಿಸಿದಾಗ, ಚಿತ್ರಮಂದಿರದಲ್ಲಿದ್ದ ಹರೆಯದವರು ಪರದೆ ನೋಡುತ್ತಿದ್ದರು, ನನ್ನ ವಯಸ್ಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಫೋನಿನಲ್ಲಿ ನೋಡುತ್ತ ಹೋದೆ. ಭಯವಾಗಲಿಲ್ಲ. ಆಗುತ್ತದೆಂದು ಕಾದೆ, ದೀಪ ಆರಿಸಿದೆ, ಕಿವಿಗೆ ಇಯರ್‌ಫೋನ್ ತುರುಕಿಕೊಂಡೆ. ಊಹೂಂ. ಕತೆ ನಿಧಾನಕ್ಕೆ ನಡೆಯಿತು, ಜನ ನಿಧಾನಕ್ಕೆ ಮಾತಾಡಿದರು. ಅದರಲ್ಲಿ ತಪ್ಪೇನಿಲ್ಲ, ಚೆನ್ನಾಗಿಯೇ ಇತ್ತು. ಬರಬೇಕಾದದ್ದು ಮಾತ್ರ ಬರಲಿಲ್ಲ. ಅದು ಎಲ್ಲಿ ಹೋಯಿತೆಂದು ಯೋಚಿಸುತ್ತ ಕೂತವನಿಗೆ ನೆನಪಾದದ್ದು ಮಾವ.

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಲ್ಲಿ ಆಗ ಟೀವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಅದರಲ್ಲಿ ನನ್ನ ಸೋದರಮಾವನದೂ ಒಂದು. ಒಂದು ವರ್ಷದ ಕೊಬ್ಬರಿ ದುಡ್ಡು ಸುರಿದು ಕಪ್ಪು ಬಿಳುಪಿನ ಪೆಟ್ಟಿಗೆ ತಂದಿದ್ದರು. ಅದಕ್ಕೆ ಎಳೆದು ಮುಚ್ಚುವ ಮರದ ಬಾಗಿಲು, ಬಾಗಿಲಿಗೆ ಅತ್ತೆ ಹೆಣೆದ ಕ್ರೋಶಾ ಪರದೆ. ಆಂಟೆನಾ ಮಾಳಿಗೆಯ ಮೇಲೆ, ಉದ್ದನೆಯ ಕೊಳವೆಗೆ ಕಟ್ಟಿದ್ದು, ಮುಖ ಚಿತ್ರದುರ್ಗದ ಕಡೆಗೆ. ನಮ್ಮ ಸೀಮೆಯ ಗಾಳಿ ಗೊತ್ತಲ್ಲ? ಒಂದು ಸಲ ಬೀಸಿದರೆ ಆಂಟೆನಾ ದುರ್ಗ ಬಿಟ್ಟು ಹೊಸದುರ್ಗ ನೋಡುತ್ತಿತ್ತು. ಆಗ ಪರದೆಯ ತುಂಬ ಇರುವೆ ಗೂಡು ಒಡೆದಂಥ ಚುಕ್ಕೆ. ಮಾವ ಪಂಚೆ ಎತ್ತಿ ಕಟ್ಟಿ ಏಣಿ ಹತ್ತುತ್ತಿದ್ದರು.

“ಬಂತೇನೋ ಅಳಿಯಾ?”

“ಇನ್ನೂ ಇಲ್ಲ ಮಾವ!”

“ಈಗ?”

“ಬಂತು ಬಂತು... ಅಯ್ಯೋ ಹೋತು!”

“ಹಿಡ್ಕಂಡಿರ್ತೀನಿ. ನೋಡ್ರಿ ನೀವು.”

ಅವರು ಕೊಳವೆ ಹಿಡಿದು ನಿಂತರೆ ಚಿತ್ರ ಸ್ವಚ್ಛ. ಕೈ ಬಿಟ್ಟರೆ ಮತ್ತೆ ಇರುವೆ. ಹೀಗಾಗಿ ಗುಡ್ಡದ ಭೂತ ಬರುವ ಹೊತ್ತಿನಲ್ಲಿ ಮಾವ ಬಹುಪಾಲು ಮಾಳಿಗೆ ಮೇಲೇ ಇರುತ್ತಿದ್ದರು. ಬೆಳಕಿಂಡಿಯಿಂದ ಸದ್ದು ಮಾತ್ರ ಅವರಿಗೆ ಕೇಳುತ್ತಿತ್ತು. ಟೀವಿಯ ಒಡೆಯ ತನ್ನ ಟೀವಿಯಲ್ಲಿ ಬಂದ ಭೂತವನ್ನು ಕಂಡದ್ದೇ ಕಡಿಮೆ.

ಕೆಳಗೆ ನಡುಮನೆಯಲ್ಲಿ ಅರ್ಧ ಬೀದಿಯೇ ಇರುತ್ತಿತ್ತು. ಗಂಡಸರು ಗೋಡೆಗೊರಗಿ, ಹೆಂಗಸರು ಅಡುಗೆ ಮನೆ ಬಾಗಿಲಿಗೆ ಒತ್ತಿಕೊಂಡು, ಹುಡುಗರು ಟೀವಿಯ ಬುಡದಲ್ಲಿ. ಅಜ್ಜಿ ಮಾತ್ರ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತು ಪರದೆಯ ಕಡೆ ತಲೆಯೆತ್ತುತ್ತಿರಲಿಲ್ಲ. ಕೆರೆ ಏರಿಯ ಕೊಳ್ಳಿದೆವ್ವ, ಹುಣಸೆ ಮರದ ಮುನಿಯ, ಬಾಣಂತಿ ಕೋಣೆಗೆ ಇಣುಕುವ ಗಾಳಿ ಎಲ್ಲರನ್ನೂ ಹೆಸರು ಹಿಡಿದು ಬಲ್ಲವಳು ಆಕೆ. ಟೀವಿ ಭೂತದ ಬಗ್ಗೆ ಅವಳದು ತಾತ್ಸಾರ. “ಅದೇನು ಮಳೇಲಿ ಬರ್ತೈತಾ? ಅಷ್ಟು ಹಸರು ಮರ ಇದ್ರೆ ಯಾವ ದೆವ್ವನಾದ್ರೂ ಇರ್ತೈತೆ ಬಿಡು. ನಮ್ಮ ದೆವ್ವಗಳ ಗತಿ ಕೇಳು. ಅವಿತ್ಕಳ್ಳಾಕೂ ಒಂದು ಪೊದೆ ಇಲ್ಲ” ಎನ್ನುತ್ತಿದ್ದಳು.

ಮಾತು ನಿಜ. ತುಳುನಾಡಿನ ಗುಡ್ಡ ಕಾಡು ಹೊದ್ದು, ಮಂಜು ಮುಸುಕಿ, ತನ್ನೊಳಗೆ ಏನಿದೆಯೆಂದು ತೋರಿಸದೆ ನಿಲ್ಲುತ್ತದೆ. ನಮ್ಮ ಬೆಟ್ಟಗಳು ಬೆತ್ತಲೆ. ದುರ್ಗದ ಬಂಡೆಗಳಲ್ಲಿ ಮುಚ್ಚುಮರೆಯೇ ಇಲ್ಲ. ಹಾಗಾಗಿ ನಮ್ಮ ಭಯಗಳೂ ಬಯಲಿನವು. ಅಲ್ಲಿ ರಾಕ್ಷಸನಿಗೂ ಗುಡಿಯಿದೆ: ಮೇಲುದುರ್ಗದ ಹಿಡಿಂಬೇಶ್ವರ. ಅವನದೇ ಎಂದು ಹೇಳುವ ಹಲ್ಲನ್ನೂ ತೋರಿಸುತ್ತಾರೆ. ಹೊಳಲ್ಕೆರೆಯ ಗಣಪನಿಗೂ ಅಷ್ಟೆ, ಬಯಲು ಗಣಪತಿ ಎಂದೇ ಹೆಸರು. ದೇವರೂ ದೆವ್ವವೂ ಹೀಗೆ ಕಣ್ಣೆದುರೇ ಇರುವ ಸೀಮೆಯವರಿಗೆ, ಕಾಣದೇ ಹೆದರಿಸುವ ಆ ಕರಾವಳಿಯ ಗುಡ್ಡ ಹೊಸ ರುಚಿ ತೋರಿಸಿತು. 1989ರಲ್ಲಿ ಹಿಂದಿಯ ‘ಕಿಲೇ ಕಾ ರಹಸ್ಯ’ ಬಂದಾಗ ದುರ್ಗದ ಹುಡುಗರು ನಮ್ಮ ಕೋಟೆಯೇ ಟೀವಿಗೆ ಬಂತೆಂದು ಬೀಗಿದ್ದುಂಟು. ಗುಡ್ಡದ ಭೂತದ ಮುಂದೆ ಆ ಬೀಗುವಿಕೆ ನಡೆಯಲಿಲ್ಲ. ಸುಮ್ಮನೆ ಹೆದರಿದೆವು.

ಹೆದರಿಕೆಗೆ ಕರೆಂಟೂ ಕೈ ಜೋಡಿಸುತ್ತಿತ್ತು. ಭೂತದ ಸುಳಿವು ಸಿಕ್ಕಿತು ಎನ್ನುವಷ್ಟರಲ್ಲಿ ಫಕ್ಕನೆ ಕತ್ತಲೆ. ಯಾರೋ ಕಿಟಾರನೆ ಕಿರುಚುವುದು, ಇನ್ಯಾರೋ ನಗುವುದು, ಅಜ್ಜಿ ಕತ್ತಲಲ್ಲೇ “ಬಂತು ನೋಡ್ರಪ್ಪಾ, ಈಗ ಬಂತು ನಿಜವಾದ್ದು” ಎನ್ನುವುದು. ಮಾವ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ತಂತಿ ಸಿಕ್ಕಿಸುವ ಹೊತ್ತಿಗೆ ಕಂತು ಮುಗಿದು ವಾರ್ತೆ ಬರುತ್ತಿತ್ತು.

ನಂತರದ ಆಟ ಮನೆ ಸೇರುವುದು. ಯಾರೂ ಒಬ್ಬರೇ ಹೊರಡುತ್ತಿರಲಿಲ್ಲ. ಬೀದಿಯ ಕೊನೆಯವರನ್ನು ನಡುವಿನವರು ಬಿಟ್ಟು ಬರುವುದು, ನಡುವಿನವರನ್ನು ಮಾವ ಬಿಟ್ಟು ಬರುವುದು. ಗೋಡೆ ಜಗಳದಿಂದ ನಮ್ಮಮ್ಮನ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ಬ್ಯಾಟರಿ ಹಿಡಿದು ನಮ್ಮ ಮುಂದೆ ನಡೆಯುತ್ತಿದ್ದರು. ಬೆಳಕು ನಮ್ಮ ಕಾಲಿಗೂ ಬೀಳುವ ಹಾಗೆ ಹಿಡಿಯುತ್ತಿದ್ದರು, ಮಾತು ಮಾತ್ರ ಇಲ್ಲ. ಅದೇ ದಶಕದಲ್ಲಿ ಊರೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುವ ಗುಲ್ಲೆದ್ದಾಗ ನಮ್ಮ ಬಾಗಿಲಿಗೂ ಆಕೆಯ ಬಾಗಿಲಿಗೂ ಒಂದೇ ಸುಣ್ಣದ ಕಡ್ಡಿಯಲ್ಲಿ ಬರೆದದ್ದು ಮಾವನೇ. ರಾತ್ರಿ ಬಂದು ಹೆಸರು ಹಿಡಿದು ಕರೆಯುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದಂತೆ, ಮರುದಿನ ಬಂದು ಮತ್ತೆ ಓದುತ್ತದಂತೆ. ಸರ್ಕಾರಿ ಕಚೇರಿ ಅಲೆದು ಅಭ್ಯಾಸವಿದ್ದ ಮಾವನಿಗೆ ಆ ಉಪಾಯದ ಮೇಲೆ ಬಹಳ ನಂಬಿಕೆ.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗುವ ದಾರಿಯಲ್ಲಿ ಮಾವ ಕೇಳುತ್ತಿದ್ದರು: “ನಿನ್ನೆ ಏನಾತು ಹೇಳ್ರಲಾ. ಆ ಕೂಗು ಯಾರ್ದು?” ನಾವು ಹುಡುಗರು ಪೈಪೋಟಿಯಲ್ಲಿ ಹೇಳುತ್ತಿದ್ದೆವು. ಸದ್ದು ಅವರು ಕೇಳಿದ್ದರು, ಚಿತ್ರವನ್ನು ನಾವು ಕಟ್ಟಿಕೊಡಬೇಕು. ಅವರ ಕಣ್ಣು ಅರಳಿದಷ್ಟೂ ನಮ್ಮ ಭೂತ ಬೆಳೆಯುತ್ತಿತ್ತು. ಅದಕ್ಕೆ ಕಾಲು ಹಿಂದುಮುಂದಾದವು, ಕೈಯಲ್ಲಿ ಪಂಜು ಬಂತು, ಗುಡ್ಡದಿಂದ ಇಳಿದು ಬಾವಿಯ ನೀರು ಕುಡಿದು ಹೋಯಿತು. ಮಾವ ನಡುನಡುವೆ ತಮ್ಮದೊಂದು ಸೇರಿಸುತ್ತಿದ್ದರು: “ಆ ಸಾಹುಕಾರನ ಮ್ಯಾಲೆ ನಂಗೆ ಗುಮಾನಿ ಐತೆ ಕಣ್ಲಾ.” ಅಂಥ ಸಾಹುಕಾರ ಧಾರಾವಾಹಿಯಲ್ಲಿ ಇದ್ದನೋ, ನಾವೇ ಹುಟ್ಟಿಸಿದ್ದೆವೋ, ಆಗಲೇ ಯಾರಿಗೂ ಲೆಕ್ಕವಿರಲಿಲ್ಲ.

ಫೋನಿನಲ್ಲಿ ನೋಡಿದಾಗ ಗೊತ್ತಾಯಿತು, ಪಂಜಿಲ್ಲ, ಬಾವಿಯಿಲ್ಲ, ಹಿಂದುಮುಂದಾದ ಕಾಲೂ ಇಲ್ಲ. ಮಾವ ಕೊನೆಯವರೆಗೆ ತಲೆಯಲ್ಲಿಟ್ಟುಕೊಂಡಿದ್ದ ಗುಡ್ಡದ ಭೂತ ಯಾವ ಟೇಪಿನಲ್ಲೂ ಇಲ್ಲ. ಅದನ್ನು ಕೇಳಿದ ಒಬ್ಬರೇ ವೀಕ್ಷಕರು ಈಗಿಲ್ಲ. ಹೇಳಿದವರು ಬೆಂಗಳೂರು, ಪುಣೆ, ದುಬೈಗಳಲ್ಲಿ ಚದುರಿದ್ದಾರೆ. ಸುದ್ದಿ ಬಂದು ನಾನು ಊರು ಮುಟ್ಟುವ ಹೊತ್ತಿಗೆ ಮಾವನನ್ನು ತೋಟದಲ್ಲಿ ಮಣ್ಣು ಮಾಡಿ ಆಗಿತ್ತು. ಅತ್ತೆ ಬೇರೆಲ್ಲ ಬಿಟ್ಟು, “ನಿಮ್ಮ ಮಾವ ಆ ಕಂಬಿ ಕೀಳಾಕೆ ಬಿಡಲೇ ಇಲ್ಲ ನೋಡು. ಡಿಶ್ ಬಂದ ಮ್ಯಾಲೂ ಬಟ್ಟೆ ಒಣಗಾಕಾದ್ರೂ ಇರ್ಲಿ ಅಂದ್ರು” ಎಂದರು.

1993ರಲ್ಲಿ ‘ಝೀ ಹಾರರ್ ಶೋ’ ಶುರುವಾಯಿತು. ನಮ್ಮ ಕಡೆ ಕೇಬಲ್ ಬಂದ ಮೇಲೆ ರಾಮ್‌ಸೇ ಸೋದರರ ಆ ಕೀರಲು ಬಾಗಿಲು, ಹಸಿರು ಮುಖ, ರಕ್ತ ಎಲ್ಲವೂ ಬಣ್ಣದಲ್ಲೇ ಬಂದವು. ಗುಡ್ಡದ ಭೂತಕ್ಕಿಂತ ಜೋರಾಗಿ ಹೆದರಿಸಿದವು. ಆದರೆ ಅಷ್ಟರಲ್ಲಿ ಮನೆಮನೆಗೂ ಟೀವಿ ಬಂದಿತ್ತು. ಅವರವರ ಮನೆಯಲ್ಲಿ ಅವರವರು ಹೆದರಿ, ಅವರವರ ಚಾದರ ಹೊದ್ದು ಮಲಗಿದರು. ಬ್ಯಾಟರಿ ಹಿಡಿದು ಮುಂದೆ ನಡೆಯುವವರು ಬೇಕಾಗಲಿಲ್ಲ. ಗೋಡೆ ಜಗಳ ಗೋಡೆಯಾಗಿಯೇ ಉಳಿಯಿತು.

ಕತ್ತಲೆಯೂ ಮೊದಲಿನದಲ್ಲ. ಜೋಗಿಮಟ್ಟಿ ಸಾಲಿನಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಗುಡ್ಡಗಳವರೆಗೆ ಗಾಳಿಯಂತ್ರಗಳು ನಿಂತಿವೆ. ಆಂಟೆನಾ ತಿರುಗಿಸಿ ಮಾವನನ್ನು ಏಣಿ ಹತ್ತಿಸುತ್ತಿದ್ದ ಅದೇ ಗಾಳಿ ಈಗ ಕರೆಂಟು ಮಾಡುತ್ತಿದೆ. ರಾತ್ರಿ ಬಸ್ಸಿನಲ್ಲಿ ಬರುವಾಗ ಅವುಗಳ ನೆತ್ತಿಯ ಕೆಂಪು ದೀಪ ಕಾಣುತ್ತದೆ. ಅಜ್ಜಿ ಇದ್ದಿದ್ದರೆ ಕೊಳ್ಳಿದೆವ್ವಗಳಿಗೆ ಸಂಬಳ ಕೊಟ್ಟು ನಿಲ್ಲಿಸಿದ್ದಾರೆ ಎನ್ನುತ್ತಿದ್ದಳು.

ಅಜ್ಜಿಯ ತವರು ಹಿರಿಯೂರು ಕಡೆ. ಆಗದ ಮಾತಿಗೆಲ್ಲ ಆಕೆ ಕೊಡುತ್ತಿದ್ದ ಗಡುವು ಮಾರಿಕಣಿವೆ ಕೋಡಿ ಬೀಳುವ ದಿನ. ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಈ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ತುಂಬಿರಲಿಲ್ಲ. ಸಾಲ ತೀರುವುದು, ಮಗನಿಗೆ ಬುದ್ಧಿ ಬರುವುದು, ಮಾವ ಒಂದು ಕಂತನ್ನಾದರೂ ಕೂತು ನೋಡುವುದು, ಎಲ್ಲವೂ ಕೋಡಿ ಬಿದ್ದಾಗ. 2022ರ ಸೆಪ್ಟೆಂಬರಿನಲ್ಲಿ ನೀರು 130 ಅಡಿ ಮುಟ್ಟಿ 89 ವರ್ಷದ ಮೇಲೆ ಕೋಡಿ ಹರಿಯಿತು. 2025ರ ಜನವರಿಯಲ್ಲಿ ಮತ್ತೊಮ್ಮೆ. ಜಿಲ್ಲೆಗೆ ಜಿಲ್ಲೆಯೇ ಟೆಂಪೊ ಹತ್ತಿ ನೋಡಲು ಹೋಯಿತು. ನಾನೂ ಹೋಗಿದ್ದೆ. ನೀರು ಬಂದಿತ್ತು. ಕೋಡಿ ಬಿದ್ದಾಗ ಎಂದು ಗಡುವು ಕೊಟ್ಟವರಾಗಲಿ, ಕೊಡಿಸಿಕೊಂಡವರಾಗಲಿ ಯಾರೂ ಇರಲಿಲ್ಲ.

ಸದಾನಂದ ಸುವರ್ಣರೂ ಹಾಗೆಯೇ ಹೋದರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ದುಡ್ಡು ಹಾಕಿದ ನಿರ್ಮಾಪಕರು ಇವರೇ. ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ವನ್ನು ತೆರೆಗೆ ತಂದವರೂ ಇವರೇ. ಅವರು ತೀರಿಕೊಂಡದ್ದು 2024ರ ಜುಲೈಯಲ್ಲಿ. ಕೆಲವೇ ವಾರಗಳಲ್ಲಿ, ಸವೆದ ಪ್ರತಿಯನ್ನು ಚಿತ್ರ ಚಿತ್ರವಾಗಿ ಸರಿಪಡಿಸಿದ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದಲ್ಲಿ ಹೊಸದಾಗಿ ಬೆಳಗಿತು. 1977ರ ಸಿನಿಮಾಕ್ಕೆ ಮರುಜೀವ ಬಂತು, ನಿರ್ಮಾಪಕರು ಅದನ್ನು ಕಾಣಲಿಲ್ಲ. ಸಿನಿಮಾದ ಗೀರು ಒರೆಸಬಹುದು, ಮಾಸಿದ ಬಿಳುಪನ್ನು ಮರಳಿಸಬಹುದು. ಎದುರಿಗೆ ಕೂರಬೇಕಾದವರನ್ನು ಕರೆತರುವ ಕಸುಬು ಯಾರಿಗೂ ಬರುವುದಿಲ್ಲ.

ಹಾಗೆಂದು ಗುಡ್ಡದ ಭೂತ ಮತ್ತೆ ಬರುವುದು ಬೇಡ ಎನ್ನಲಾರೆ. ಯಾರಾದರೂ ಧೈರ್ಯ ಮಾಡಿದರೆ ನಮ್ಮ ಜಿಲ್ಲೆಯ ಪರವಾಗಿ ಒಂದೆರಡು ಅಹವಾಲು. ಮೊದಲ ಕಂತನ್ನು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ತೋರಿಸಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾದ ಬಯಲು ರಂಗಮಂದಿರವಿದೆ. ನಾಟಕೋತ್ಸವಕ್ಕೆ ಸುತ್ತಣ ಹಳ್ಳಿಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದು ಸಾವಿರಗಟ್ಟಲೆ ಕೂರುತ್ತಾರೆ. ಒಟ್ಟಿಗೆ ನಕ್ಕು, ಒಟ್ಟಿಗೆ ಕಣ್ಣೊರೆಸಿ ಅಭ್ಯಾಸವಿರುವ ಆ ಜನಕ್ಕೆ ಒಟ್ಟಿಗೆ ಹೆದರುವುದನ್ನೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಭೂತವನ್ನು ಪೂರ್ತಿ ತೋರಿಸುವ ಆಸೆಗೆ ಬೀಳಬೇಡಿ; ಕಂಪ್ಯೂಟರು ಎಷ್ಟೇ ಚೆಂದದ ಭೂತ ಬರೆದುಕೊಟ್ಟರೂ ಸರಿ.

ಇನ್ನೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಹದಿಮೂರೂ ಕಂತನ್ನು ಒಂದೇ ರಾತ್ರಿ ಫೋನಿಗೆ ಸುರಿಯಬೇಡಿ. ಒಂದು ಬಿಡಿ, ಒಂದು ವಾರ ಕಾಯಿಸಿ. ಆ ವಾರದಲ್ಲಿ ಕಂಡವರು ಕಾಣದವರಿಗೆ ಕತೆ ಹೇಳಬೇಕು, ಹೇಳುತ್ತ ಸುಳ್ಳು ಸೇರಿಸಬೇಕು, ಕೇಳಿದವರು ಯಾರೋ ಒಬ್ಬ ಸಾಹುಕಾರನ ಮೇಲೆ ಗುಮಾನಿ ಪಡಬೇಕು. ಅಷ್ಟು ಜಾಗ ಬಿಟ್ಟುಕೊಟ್ಟರೆ ಸಾಕು, ಉಳಿದ ಭೂತವನ್ನು ಊರಿನವರೇ ಮಾಡಿಕೊಳ್ಳುತ್ತಾರೆ.